ಆಟ ಕಟ್ಟಿದವರಿಗೆ ಆಡುವವರ ಕಾಗದ

2012ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೆನಡಾದ ಎಡ್ಮಂಟನ್ ನಗರದಲ್ಲಿರುವ ಬಯೋವೇರ್ ಎಂಬ ವಿಡಿಯೊ ಗೇಮ್ ಕಂಪೆನಿಯ ಬಾಗಿಲಿಗೆ ಬೇಕರಿಯೊಂದರಿಂದ ಸುಮಾರು 400 ಕಪ್‌ಕೇಕ್‌ಗಳು ಬಂದವು. ಕೆಲವಕ್ಕೆ ಕೆಂಪು, ಕೆಲವಕ್ಕೆ ನೀಲಿ, ಉಳಿದವಕ್ಕೆ ಹಸಿರು ಬಣ್ಣದ ಕ್ರೀಮು. ಆದರೆ ಕಚ್ಚಿ ನೋಡಿದರೆ ಮೂರರದೂ ಒಂದೇ ರುಚಿ, ವೆನಿಲಾ. ಕಳಿಸಿದವರು ಆ ಕಂಪೆನಿಯ ಆಟಗಳ ಅಭಿಮಾನಿಗಳು. ಚಂದಾ ಎತ್ತಿ, ಅಂಗಡಿ ಗೊತ್ತುಮಾಡಿ, ಬಣ್ಣ ಹೇಳಿ ಮಾಡಿಸಿದ ತಿಂಡಿ ಅದು. ನೋಡಿದವರಿಗೆ ಉಡುಗೊರೆಯಂತೆ ಕಂಡರೂ ಅದೊಂದು ದೂರಾಗಿತ್ತು.

ದೂರಿನ ಹಿನ್ನೆಲೆ ಹೀಗಿದೆ. ಬಯೋವೇರ್ 2007ರಲ್ಲಿ ‘ಮಾಸ್ ಎಫೆಕ್ಟ್’ ಎಂಬ ಅಂತರಿಕ್ಷ ಕಥಾನಕವನ್ನು ಆರಂಭಿಸಿತು. ಅದು ಮೂರು ಭಾಗಗಳ ಆಟ. ಒಂದನೆಯ ಭಾಗದಲ್ಲಿ ಆಡುವವರು ಕೈಗೊಂಡ ನಿರ್ಧಾರ ಎರಡನೆಯ, ಮೂರನೆಯ ಭಾಗಗಳಿಗೂ ಹರಿದುಬರುತ್ತದೆ. ಯಾರನ್ನು ಉಳಿಸಿದಿರಿ, ಯಾರ ಕೈಬಿಟ್ಟಿರಿ ಎಂಬ ಲೆಕ್ಕವನ್ನು ಆಟ ಇಟ್ಟುಕೊಂಡಿರುತ್ತದೆ. ಹೀಗೆ ನೂರು ಗಂಟೆಗೂ ಹೆಚ್ಚು ಕಾಲ ಆಡಿಕೊಂಡು ಬಂದವರು 2012ರ ಮಾರ್ಚ್ 6ರಂದು ಬಿಡುಗಡೆಯಾದ ಮೂರನೆಯ ಭಾಗದ ಅಂತ್ಯ ತಲುಪಿದಾಗ ಎದುರಿಗಿದ್ದದ್ದು ಮೂರು ದಾರಿ. ಒಂದನ್ನು ಆರಿಸಿದರೆ ಪರದೆಯ ತುಂಬ ಕೆಂಪು ಬೆಳಕು, ಇನ್ನೊಂದಕ್ಕೆ ನೀಲಿ, ಮತ್ತೊಂದಕ್ಕೆ ಹಸಿರು. ಉಳಿದ ದೃಶ್ಯಗಳು ಹೆಚ್ಚುಕಡಿಮೆ ಒಂದೇ. ಐದು ವರ್ಷ ಜತನದಿಂದ ಕಾಪಾಡಿಕೊಂಡು ಬಂದ ನಿರ್ಧಾರಗಳಿಗೆಲ್ಲ ಇಷ್ಟೇ ಬೆಲೆಯೇ ಎಂದು ಜನ ಸಿಟ್ಟಾದರು. ಮೂರು ಬಣ್ಣ, ಒಂದೇ ರುಚಿ ಎಂಬ ಕಪ್‌ಕೇಕಿನ ಒಗಟು ಹೇಳುತ್ತಿದ್ದದ್ದು ಇದನ್ನೇ.

ಸಿಟ್ಟಾದವರೆಲ್ಲ ತಿಂಡಿ ಕಳಿಸಲಿಲ್ಲ. ಒಬ್ಬಾತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಕೊಟ್ಟ. ಜಾಹೀರಾತಿನಲ್ಲಿ ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು ಎಂಬುದು ಅವನ ವಾದ. ಬೇರೊಂದು ಗುಂಪು ‘ಚೈಲ್ಡ್ಸ್ ಪ್ಲೇ’ ಎಂಬ ಸಂಸ್ಥೆಗೆ ದೇಣಿಗೆ ಸಂಗ್ರಹಿಸತೊಡಗಿತು. ಆಸ್ಪತ್ರೆಗಳಲ್ಲಿರುವ ಮಕ್ಕಳಿಗೆ ಆಟಿಕೆ, ಪುಸ್ತಕ, ವಿಡಿಯೊ ಗೇಮ್ ಒದಗಿಸುವ ಸಂಸ್ಥೆ ಅದು. ಎರಡು ವಾರದೊಳಗೆ 80 ಸಾವಿರ ಡಾಲರಿಗೂ ಹೆಚ್ಚು ಹಣ ಬಂತು. ಇದರಲ್ಲೊಂದು ತಮಾಷೆಯೂ ಸೇರಿಕೊಂಡಿತು. ಈ ಹಣದಿಂದ ಹೊಸ ಅಂತ್ಯವನ್ನು ಕೊಳ್ಳಲಾಗುತ್ತದೆ ಎಂದು ಕೆಲವರು ತಿಳಿದುಬಿಟ್ಟಿದ್ದರು. ಕೊನೆಗೆ ಸಂಸ್ಥೆಯೇ ಸಂಗ್ರಹ ನಿಲ್ಲಿಸುವಂತೆ ಕೇಳಿಕೊಳ್ಳಬೇಕಾಯಿತು. ಒಳ್ಳೆಯ ಉದ್ದೇಶದ ಕೆಲಸವೂ ತನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಹೇಳದಿದ್ದರೆ ಹೀಗೆ ಗೊಂದಲಕ್ಕೆ ಸಿಲುಕುತ್ತದೆ.

ಕಂಪೆನಿಯ ಸಂಸ್ಥಾಪಕರಲ್ಲೊಬ್ಬರಾದ ರೇ ಮುಜಿಕಾ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದರು. ಓದಿದ್ದು ವೈದ್ಯಕೀಯ, ಕಟ್ಟಿದ್ದು ಆಟದ ಕಂಪೆನಿ ಎಂಬ ವಿಚಿತ್ರ ಹಿನ್ನೆಲೆಯ ವ್ಯಕ್ತಿ ಅವರು. ಕಪ್‌ಕೇಕ್‌ಗಳನ್ನು ಬಯೋವೇರ್ ಊರಿನ ನಿರ್ಗತಿಕ ಯುವಜನರ ಆಶ್ರಯ ಕೇಂದ್ರಕ್ಕೆ ಕೊಟ್ಟಿತು. ಜೂನ್ 26ರಂದು ಅಂತ್ಯವನ್ನು ವಿಸ್ತರಿಸಿದ ಹೊಸ ಆವೃತ್ತಿಯೊಂದು ಉಚಿತವಾಗಿ ಹೊರಬಂತು. ಅಂತ್ಯ ಬದಲಾಗಲಿಲ್ಲ. ಆದರೆ ಆಡುವವರ ನಿರ್ಧಾರಗಳಿಂದ ಯಾರಿಗೆ ಏನಾಯಿತು ಎಂಬ ವಿವರ ಸೇರಿತು. ಕೆಲವರಿಗೆ ತೃಪ್ತಿಯಾಯಿತು, ಕೆಲವರಿಗೆ ಇಂದಿಗೂ ಆಗಿಲ್ಲ.

ಇದೇ ಬಯೋವೇರ್‌ನ ಇನ್ನೊಂದು ಘಟನೆಯನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕು. ಕಪ್‌ಕೇಕ್ ಬರುವುದಕ್ಕೆ ಒಂದು ತಿಂಗಳ ಮೊದಲು ಅಲ್ಲಿನ ಲೇಖಕಿಯೊಬ್ಬರ ಮೇಲೆ ಟ್ವಿಟರ್‌ನಲ್ಲಿ ಬೈಗುಳದ ಮಳೆಯೇ ಸುರಿದಿತ್ತು. ಕಾದಾಟದ ಭಾಗವನ್ನು ದಾಟಿಸಿ ಕತೆಯನ್ನಷ್ಟೇ ನೋಡುವ ಗುಂಡಿಯೊಂದು ಆಟಗಳಲ್ಲಿ ಇರಲಿ ಎಂದು ಅವರು 2006ರ ಒಂದು ಸಂದರ್ಶನದಲ್ಲಿ ಹೇಳಿದ್ದರು. ಆರು ವರ್ಷದ ಹಳೆಯ ಆ ಮಾತನ್ನು ಯಾರೋ ಎತ್ತಿ ಹಂಚಿದರು. ಮಾತಿನ ಬಗ್ಗೆ ಚರ್ಚೆ ನಡೆಯಲಿಲ್ಲ. ಹೆಂಗಸಿನ ರೂಪ, ಮೈಕಟ್ಟು, ಸಂಸಾರಗಳ ಬಗ್ಗೆ ನಡೆಯಿತು. ಆಕೆ ಟ್ವಿಟರ್ ಬಿಟ್ಟು ಹೋದರು. ಒಂದೇ ಕಂಪೆನಿ, ಒಂದೇ ಋತು, ಹೆಚ್ಚುಕಡಿಮೆ ಅದೇ ಅಭಿಮಾನಿ ಬಳಗ. ಒಂದು ದೂರಿನಿಂದ ಆಟಕ್ಕೆ ಹೊಸ ದೃಶ್ಯಗಳು ಬಂದವು, ಇನ್ನೊಂದರಿಂದ ಒಬ್ಬ ಬರಹಗಾರ್ತಿಯ ಬಾಯಿ ಮುಚ್ಚಿತು.

ಅಂಚೆಯ ಕಾಲ

ಮೆಚ್ಚಿದ ಕತೆಯ ಕರ್ತೃವಿನೊಡನೆ ಜಗಳವಾಡುವುದು ಹಳೆಯ ಚಾಳಿ. 1893ರಲ್ಲಿ ಆರ್ಥರ್ ಕಾನನ್ ಡಾಯ್ಲ್ ತಮ್ಮ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕೊಂದಾಗ ಓದುಗರಿಂದ ಸಿಟ್ಟಿನ ಕಾಗದಗಳು ಬಂದವು. ಹತ್ತು ವರ್ಷದ ನಂತರ ಅವನನ್ನು ಬದುಕಿಸಿಯೂ ಆಯಿತು. ಕನ್ನಡದಲ್ಲೂ ವಾರಪತ್ರಿಕೆಯ ಧಾರಾವಾಹಿ ಓದಿ, ನಾಯಕಿಯನ್ನು ಸಾಯಿಸಬೇಡಿ ಎಂದು ಕಾರ್ಡು ಬರೆದವರು ಪ್ರತಿ ಊರಿನಲ್ಲೂ ಸಿಕ್ಕಾರು. ವಿಡಿಯೊ ಗೇಮಿನ ಲೋಕಕ್ಕೆ ಈ ಕಾಗದಗಳು ಬಂದದ್ದು 1980ರ ದಶಕದಲ್ಲಿ, ಮತ್ತು ಬಂದ ಕೂಡಲೇ ಒಂದು ದೊಡ್ಡ ಬದಲಾವಣೆಗೆ ಕಾರಣವಾದವು.

ಅಮೆರಿಕದ ರಿಚರ್ಡ್ ಗ್ಯಾರಿಯಟ್ ಎಂಬ ಯುವಕ ‘ಅಲ್ಟಿಮಾ’ ಎಂಬ ಆಟದ ಮೊದಲೆರಡು ಭಾಗಗಳನ್ನು ಬೇರೆ ಪ್ರಕಾಶಕರ ಮೂಲಕ ಹೊರತಂದಿದ್ದ. 1983ರಲ್ಲಿ ಸ್ವಂತ ಕಂಪೆನಿ ಕಟ್ಟಿ ಮೂರನೆಯದನ್ನು ತಾನೇ ಪ್ರಕಟಿಸಿದ. ಆಗ ಆಡಿದವರ ಕಾಗದಗಳು ನೇರವಾಗಿ ಅವನ ಕೈಸೇರತೊಡಗಿದವು. ಓದಿ ಅವನಿಗೆ ಅಚ್ಚರಿಯಾಯಿತು. ಆಟದಲ್ಲಿ ದುಷ್ಟನನ್ನು ಕೊಲ್ಲುವ ಸಾಹಸಿಗಳೆಂದು ತಾನು ಭಾವಿಸಿದ್ದವರು, ದಾರಿಯಲ್ಲಿ ಸಿಕ್ಕ ಊರಿನವರನ್ನೆಲ್ಲ ಕೊಂದು, ಅಂಗಡಿ ದೋಚಿ ಗೆಲ್ಲುತ್ತಿದ್ದರು. ಇನ್ನೊಂದೆಡೆ ಈ ಆಟ ಮಕ್ಕಳನ್ನು ಸೈತಾನನ ದಾರಿಗೆ ಎಳೆಯುತ್ತಿದೆ ಎಂದು ಬರೆದ ತಂದೆತಾಯಿಗಳೂ ಇದ್ದರು. ಎರಡೂ ಬಗೆಯ ಕಾಗದಗಳನ್ನು ಎದುರಿಗಿಟ್ಟುಕೊಂಡು ಅವನು ಯೋಚಿಸಿದ್ದರ ಫಲ 1985ರ ‘ಅಲ್ಟಿಮಾ 4’. ಅದರಲ್ಲಿ ಕೊಲ್ಲಬೇಕಾದ ಕೊನೆಯ ರಾಕ್ಷಸನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ರೂಢಿಸಿಕೊಂಡರೆ ಗೆಲುವು. ಕುರುಡಿ ವ್ಯಾಪಾರಿಗೆ ಕಡಿಮೆ ಹಣ ಎಣಿಸಿಕೊಟ್ಟರೆ ಆಟ ಅದನ್ನು ಸದ್ದಿಲ್ಲದೆ ಬರೆದಿಟ್ಟುಕೊಳ್ಳುತ್ತಿತ್ತು. ಎಂಟೂ ಗುಣ ಸಾಧಿಸಿದವನಿಗೆ ಗ್ಯಾರಿಯಟ್ ಕೊಟ್ಟ ಹೆಸರು ‘ಅವತಾರ್’. ನಮ್ಮ ಪುರಾಣಗಳ ಅವತಾರವೇ. ಆ ಕಾಗದಗಳು ಬಾರದಿದ್ದರೆ ಈ ಆಟ ಇರುತ್ತಿರಲಿಲ್ಲ.

ಅಂಚೆಗೆ ಒಂದು ಗುಣವಿತ್ತು. ಸಿಟ್ಟು ಬಂದ ರಾತ್ರಿ ಬರೆದ ಕಾಗದಕ್ಕೆ ಬೆಳಿಗ್ಗೆ ಅಂಚೆಚೀಟಿ ಹಚ್ಚಬೇಕು, ಡಬ್ಬಿಯವರೆಗೆ ನಡೆಯಬೇಕು. ಅಷ್ಟರಲ್ಲಿ ಎಷ್ಟೋ ಕಾಗದಗಳು ಹರಿದು ಹೋಗುತ್ತಿದ್ದವು. 1990ರ ದಶಕದಲ್ಲಿ ಈ ಅಂತರ ಕಿರಿದಾಯಿತು. ‘ಡೂಮ್’, ‘ಕ್ವೇಕ್’ ಆಟಗಳ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅಂದಂದಿನ ಕೆಲಸದ ಟಿಪ್ಪಣಿಯನ್ನು ತನ್ನ ಕಂಪ್ಯೂಟರಿನ ಒಂದು ಕಡತದಲ್ಲಿ ಬರೆದಿಡುತ್ತಿದ್ದ. ಯಾವ ದೋಷ ತಿದ್ದಿದೆ, ಯಾವುದು ಉಳಿದಿದೆ ಎಂಬ ಪಟ್ಟಿ. ಅಂತರ್ಜಾಲ ಬಲ್ಲ ಆಟಗಾರರು ಒಂದು ಆಜ್ಞೆ ಒತ್ತಿ ಅದನ್ನು ಓದುತ್ತಿದ್ದರು. 2006ರಲ್ಲಿ ಟ್ವಿಟರ್ ಬಂತು. ಆಮೇಲೆ ಆಟ ಆಡುವ ಹುಡುಗನಿಗೂ ಆ ಆಟದ ವಿನ್ಯಾಸಕನಿಗೂ ನಡುವೆ ಉಳಿದದ್ದು ಹೆಬ್ಬೆರಳಿನಷ್ಟು ದೂರ.

ಅರೆಕ್ಷಣದ ಜಗಳ

2013ರ ಜುಲೈಯಲ್ಲಿ ‘ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 2’ ಎಂಬ ಯುದ್ಧದ ಆಟಕ್ಕೆ ಒಂದು ತಿದ್ದುಪಡಿ ಬಂತು. ಅದರಲ್ಲಿದ್ದ ಒಂದು ಬಂದೂಕು ಗುಂಡು ಹಾರಿಸಲು ತೆಗೆದುಕೊಳ್ಳುವ ಸಮಯ 0.2 ಸೆಕೆಂಡ್ ಇದ್ದದ್ದು 0.4 ಸೆಕೆಂಡ್ ಆಯಿತು. ಆ ಬಂದೂಕನ್ನು ನೆಚ್ಚಿಕೊಂಡಿದ್ದವರಿಗೆ ಅದು ಅನ್ಯಾಯವಾಗಿ ಕಂಡಿರಬಹುದು. ಆದರೆ ವಿನ್ಯಾಸದ ಮುಖ್ಯಸ್ಥ ಡೇವಿಡ್ ವಾಂಡರ್‌ಹಾರ್ ಅವರಿಗೆ ಬಂದ ಸಂದೇಶಗಳಲ್ಲಿ ಅವರನ್ನೂ ಅವರ ಕುಟುಂಬವನ್ನೂ ಕೊಲ್ಲುವ ಬೆದರಿಕೆಗಳಿದ್ದವು. ಈ ಸೆಕೆಂಡಿನ ತುಣುಕುಗಳು ಹಿಂಸೆಯ ಬೆದರಿಕೆಗೆ ಯೋಗ್ಯವೇ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಹೆಚ್ಚುಕಡಿಮೆ ಕಣ್ಣು ಮಿಟುಕಿಸುವಷ್ಟು ಸಮಯ ಅದು.

ಹೀಗೆ ಬರೆಯುವವರಲ್ಲಿ ಹೆಚ್ಚಿನವರು ಏನೂ ಮಾಡುವವರಲ್ಲ, ಬಾಯಿಮಾತಿನ ಶೂರರು ಎಂಬ ಸಮಾಧಾನ ಹೇಳುವುದುಂಟು. ಬೆದರಿಕೆ ಬಂದವನ ಮನೆಯಲ್ಲಿ ಆ ಸಮಾಧಾನಕ್ಕೆ ಬೆಲೆ ಕಡಿಮೆ. ‘ಡೆಸ್ಟಿನಿ 2’ ಆಟದ ಕಂಪೆನಿ ಬಂಗಿಯ ನೌಕರನೊಬ್ಬ ಕಪ್ಪು ಜನಾಂಗದ ಅಭಿಮಾನಿಯೊಬ್ಬರ ಕಲಾಕೃತಿಯನ್ನು ಪ್ರಚಾರ ಮಾಡಿದ್ದಕ್ಕೆ ಒಬ್ಬಾತ ಅವನ ಬೆನ್ನುಹತ್ತಿದ. ಜನಾಂಗೀಯ ನಿಂದನೆಯ ಸಂದೇಶಗಳ ಜೊತೆಗೆ ನೌಕರನ ಮನೆಗೆ ಅವನು ಕೇಳದ ಪಿಜ್ಜಾ ಬರುವಂತೆ ಮಾಡಿದ. ನಿನ್ನ ಮನೆ ಎಲ್ಲಿದೆ ಎಂಬುದು ನನಗೆ ಗೊತ್ತು ಎಂದು ತಿಳಿಸುವ ಬಗೆ ಅದು. ಕಂಪೆನಿ ಮೊಕದ್ದಮೆ ಹೂಡಿತು. 2023ರಲ್ಲಿ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯ ಸುಮಾರು 4 ಲಕ್ಷ 89 ಸಾವಿರ ಡಾಲರ್ ಪರಿಹಾರ ಕೊಡುವಂತೆ ಆ ವ್ಯಕ್ತಿಗೆ ಆದೇಶಿಸಿತು. ನೌಕರನಿಗಾದ ಕಿರುಕುಳದಿಂದ ಕಂಪೆನಿಗಾದ ನಷ್ಟವನ್ನೂ ಅವನೇ ತುಂಬಬೇಕೆಂಬ ಅಂಶ ಈ ತೀರ್ಪಿನ ವಿಶೇಷ.

ನ್ಯಾಯಾಲಯದ ಮೆಟ್ಟಿಲು ಹತ್ತುವ ಪ್ರಸಂಗಗಳು ಕಡಿಮೆ. ಸಾಮಾನ್ಯವಾಗಿ ನಡೆಯುವುದು ಮೌನ. 1990ರಲ್ಲಿ ‘ಮಂಕಿ ಐಲೆಂಡ್’ ಎಂಬ ಹಾಸ್ಯದ ಆಟವನ್ನು ಕಟ್ಟಿದ ರಾನ್ ಗಿಲ್ಬರ್ಟ್ ಮೂವತ್ತೆರಡು ವರ್ಷದ ಮೇಲೆ ಅದರ ಮುಂದಿನ ಕಂತನ್ನು ತರುತ್ತಿದ್ದರು. ತಯಾರಿಯ ಸುದ್ದಿಗಳನ್ನು ಅಭಿಮಾನಿಗಳೊಡನೆ ಹಂಚಿಕೊಳ್ಳುತ್ತಿದ್ದರು. ಹೊಸ ಚಿತ್ರಶೈಲಿ ಹಿಡಿಸದ ಕೆಲವರು ವೈಯಕ್ತಿಕ ನಿಂದನೆಗೆ ಇಳಿದಾಗ, 2022ರ ನಡುವಿನಲ್ಲಿ, ಆಟದ ಬಗ್ಗೆ ಇನ್ನು ಬರೆಯುವುದಿಲ್ಲ ಎಂದು ಬಾಗಿಲು ಮುಚ್ಚಿದರು. ಸೆಪ್ಟೆಂಬರಿನಲ್ಲಿ ಆಟವೇನೋ ಬಂತು. ಆದರೆ ಬಾಲ್ಯದಿಂದ ಅದನ್ನು ಕಾದಿದ್ದ ಸಾವಿರಾರು ಸಭ್ಯ ಅಭಿಮಾನಿಗಳಿಗೆ, ಅದು ಹೇಗೆ ತಯಾರಾಗುತ್ತಿದೆ ಎಂದು ಕರ್ತೃವಿನ ಬಾಯಿಂದಲೇ ಕೇಳುವ ಸುಖ ತಪ್ಪಿತು. ಬೈದವರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ.

ಕಾಗದ ಯಾರ ಕೈಸೇರುತ್ತದೆ

ಆಟದ ಕಂಪೆನಿಯ ಹೆಸರಿನಲ್ಲಿರುವ ಖಾತೆಗೆ ಸಂದೇಶ ಕಳಿಸಿದರೆ ಅದನ್ನು ಓದುವವರು ಸಾಮಾನ್ಯವಾಗಿ ‘ಕಮ್ಯುನಿಟಿ ಮ್ಯಾನೇಜರ್’ ಎಂಬ ನೌಕರರು. ಆಟವನ್ನು ಕಟ್ಟಿದವರು ಇವರಲ್ಲ. ದಿನವಿಡೀ ಬಂದ ದೂರು, ಹೊಗಳಿಕೆ, ಪ್ರಶ್ನೆಗಳನ್ನು ವಿಂಗಡಿಸಿ, ಯಾವ ವಿಷಯದ ಬಗ್ಗೆ ಎಷ್ಟು ಜನ ಏನು ಹೇಳುತ್ತಿದ್ದಾರೆ ಎಂಬ ಸಾರವನ್ನು ಒಳಗಿನ ತಂಡಗಳಿಗೆ ಮುಟ್ಟಿಸುವುದು ಅವರ ಕೆಲಸ. ಪತ್ರಿಕಾ ಕಚೇರಿಯಲ್ಲಿ ಓದುಗರ ಪತ್ರಗಳ ಮೇಜಿಗೆ ಕೂತವರ ಹಾಗೆ. ಬೈಗುಳದ ಸಂದೇಶದಲ್ಲಿ ಮುಂದಕ್ಕೆ ಸಾಗಿಸುವಂಥ ವಿಷಯವೇ ಇರುವುದಿಲ್ಲವಾದ್ದರಿಂದ ಅದು ಅಲ್ಲೇ ಉಳಿಯುತ್ತದೆ.

ದೊಡ್ಡ ಆಟವೊಂದರ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಸಾವಿರಾರು ಜನ ಇರುತ್ತಾರೆ. ಅವರು ಒಂದೇ ಊರಿನವರೂ ಅಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಕಂಪೆನಿ ವರ್ಷಗಟ್ಟಲೆ ವಿದೇಶಿ ಆಟಗಳಿಗೆ ಚಿತ್ರ, ಆಕೃತಿಗಳನ್ನು ಮಾಡಿಕೊಟ್ಟಿತು. 2019ರಲ್ಲಿ ಅದನ್ನು ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್ ಕೊಂಡು, ಬೆಂಗಳೂರಿನಲ್ಲಿದ್ದ ತನ್ನ ಶಾಖೆಯೊಂದಿಗೆ ಸೇರಿಸಿಕೊಂಡಿತು. ಆಟ ಕಟ್ಟುವವರು ಎಂದರೆ ಅಮೆರಿಕದ ಯಾರೋ ಕೋಟ್ಯಧೀಶರು ಎಂದುಕೊಂಡು ಬೈಯುವವರ ಮಾತು ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುವ ಹುಡುಗಿಯೊಬ್ಬಳ ಫೋನಿಗೂ ಬಂದು ಬೀಳಬಹುದು. ಮರದ ಎಲೆ ಬಿಡಿಸಿದವಳು ಆಟದ ಬೆಲೆ ನಿಗದಿ ಮಾಡುವುದಿಲ್ಲ. ಬಿಡುಗಡೆಯ ದಿನಾಂಕ, ಬೆಲೆ, ಯಾವ ಯಂತ್ರದಲ್ಲಿ ಆಟ ಸಿಗಬೇಕು ಎಂಬುದೆಲ್ಲ ಹೆಚ್ಚಾಗಿ ಹಣ ಹಾಕುವ ಪ್ರಕಾಶಕರ ನಿರ್ಧಾರ. ತಿದ್ದುಪಡಿ ತಡವಾಗುವುದಕ್ಕೂ ಹೊರಗಿನವರಿಗೆ ಕಾಣದ ಕಾರಣಗಳುಂಟು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಯಂತ್ರಗಳ ಆಟಗಳಿಗೆ ಮಾಡಿದ ಬದಲಾವಣೆಯನ್ನು ಆ ಯಂತ್ರಗಳ ಕಂಪೆನಿಗಳು ಪರೀಕ್ಷಿಸಿ ಒಪ್ಪಬೇಕು.

ಹೀಗಿರುವಾಗ ಕೆಲಸಕ್ಕೆ ಬರುವ ದೂರು ಹೇಗಿರುತ್ತದೆ? ವಿದ್ಯುತ್ ಕಚೇರಿಗೆ ಫೋನು ಮಾಡಿ ‘ಕರೆಂಟಿಲ್ಲ, ಏನು ಮಾಡ್ತಿದೀರಿ’ ಎಂದು ಕೂಗಿದರೆ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ಆರ್.ಆರ್. ನಂಬರು ಎಷ್ಟು ಎಂಬುದು. ಆಟಕ್ಕೂ ಆರ್.ಆರ್. ನಂಬರು ಇದೆ. ಯಾವ ಫೋನು ಅಥವಾ ಕಂಪ್ಯೂಟರು, ಆಟದ ಯಾವ ಆವೃತ್ತಿ, ಎಲ್ಲಿದ್ದಾಗ ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಮತ್ತೆ ಹಾಗೇ ಮಾಡಿದರೆ ಮತ್ತೆ ಹಾಗೇ ಆಗುತ್ತದೆಯೆ. ಇಷ್ಟಿದ್ದರೆ ದೋಷ ಹುಡುಕುವವನು ತನ್ನ ಮೇಜಿನ ಮೇಲೆ ಅದೇ ದೋಷವನ್ನು ಮರುಕಳಿಸಿ ನೋಡಬಲ್ಲ. ಮರುಕಳಿಸಿದ ದೋಷವನ್ನು ಅರ್ಧ ತಿದ್ದಿದಂತೆಯೇ. ಅರ್ಧ ನಿಮಿಷದ ವಿಡಿಯೊ ಜೊತೆಗಿದ್ದರೆ ಇನ್ನೂ ಸಲೀಸು. ‘ಆಟ ಹಾಳಾಗಿದೆ’ ಎಂಬ ಒಂದು ಸಾವಿರ ಸಂದೇಶಗಳಿಂದ ಏನೋ ಆಗಿದೆ ಎಂಬುದು ಮಾತ್ರ ತಿಳಿಯುತ್ತದೆ.

ಈ ಮಾತಿಗೆ ‘ಗ್ರ್ಯಾಂಡ್ ಥೆಫ್ಟ್ ಆಟೊ ಆನ್‌ಲೈನ್’ ಒಳ್ಳೆಯ ನಿದರ್ಶನ. 2013ರಲ್ಲಿ ಆರಂಭವಾಗಿ 2015ರಲ್ಲಿ ಕಂಪ್ಯೂಟರಿಗೆ ಬಂದ ಈ ಆಟ ತೆರೆದುಕೊಳ್ಳಲು ಹಿಡಿಯುತ್ತಿದ್ದ ಸಮಯ ಅಭಿಮಾನಿಗಳ ಪಾಲಿಗೆ ಗಾದೆಯಾಗಿ ಹೋಗಿತ್ತು. ಗುಂಡಿ ಒತ್ತಿ ಕಾಫಿ ಮಾಡಿಕೊಂಡು ಬರಬಹುದು ಎಂಬಷ್ಟು. ವರ್ಷಗಟ್ಟಲೆ ಜನ ಗೊಣಗಿದರು, ಲೇವಡಿ ಮಾಡಿದರು. 2021ರ ಫೆಬ್ರುವರಿಯ ಕೊನೆಯಲ್ಲಿ ಒಬ್ಬ ಆಟಗಾರ, ಪ್ರೋಗ್ರಾಮಿಂಗ್ ಬಲ್ಲವನು, ಗೊಣಗುವುದನ್ನು ಬಿಟ್ಟು ಕಾರಣ ಹುಡುಕಿದ. ಅವನ ಕಂಪ್ಯೂಟರಿನಲ್ಲಿ ಆಟ ತೆರೆಯಲು ಆರು ನಿಮಿಷ ಬೇಕಿತ್ತು. ಆ ಹೊತ್ತಿನಲ್ಲಿ ಯಂತ್ರ ಏನು ಮಾಡುತ್ತಿದೆ ಎಂದು ಅಳೆದು ನೋಡಿದಾಗ ಸಿಕ್ಕಿದ್ದು ಒಂದು ಪಟ್ಟಿ. ಆಟದಲ್ಲಿ ಕೊಳ್ಳಬಹುದಾದ ವಸ್ತುಗಳ ಪಟ್ಟಿ ಅದು. ಅದರಲ್ಲಿ ಸುಮಾರು 63 ಸಾವಿರ ನಮೂದುಗಳು, ಒಟ್ಟು ಸುಮಾರು ಒಂದು ಕೋಟಿ ಅಕ್ಷರಗಳು.

ಪಟ್ಟಿ ದೊಡ್ಡದಾಗಿದ್ದುದಕ್ಕಿಂತ ಅದನ್ನು ಓದುತ್ತಿದ್ದ ರೀತಿಯಲ್ಲಿ ತೊಡಕಿತ್ತು. ಮತದಾರರ ಪಟ್ಟಿ ಹಿಡಿದು ಕೂತ ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳಿ. ಪ್ರತಿ ಹೆಸರನ್ನು ಓದುವ ಮೊದಲು ಅವನು ಅಲ್ಲಿಂದ ಕೊನೆಯ ಪುಟದವರೆಗೆ ಎಷ್ಟು ಅಕ್ಷರಗಳಿವೆ ಎಂದು ಎಣಿಸುತ್ತಾನೆ. ಎಣಿಸಿ ಮುಗಿಸಿ ಒಂದು ಹೆಸರು ಓದುತ್ತಾನೆ. ಮುಂದಿನ ಹೆಸರಿಗೆ ಮತ್ತೆ ಕೊನೆಯವರೆಗೂ ಎಣಿಕೆ. ಸಾಲದ್ದಕ್ಕೆ, ಓದಿದ ಹೆಸರನ್ನು ಹೊಸ ರಿಜಿಸ್ಟರಿಗೆ ಬರೆಯುವಾಗ ಅದು ಮೊದಲೇ ಬರೆದದ್ದೋ ಎಂದು ಹಿಂದಿನ ಎಲ್ಲ ಹೆಸರುಗಳೊಡನೆ ಹೋಲಿಸುತ್ತಾನೆ. 63 ಸಾವಿರ ನಮೂದುಗಳಿಗೆ ಹೀಗೆ ಮಾಡಿದರೆ ಹೋಲಿಕೆಗಳ ಸಂಖ್ಯೆ 198 ಕೋಟಿಯ ಹತ್ತಿರ ಆಗುತ್ತದೆ. ಜಗತ್ತಿನಾದ್ಯಂತ ಲಕ್ಷಾಂತರ ಕಂಪ್ಯೂಟರುಗಳು ಪ್ರತಿದಿನ ಈ ಗುಮಾಸ್ತಗಿರಿ ಮಾಡುತ್ತಿದ್ದವು. ಆಟಗಾರ ತನ್ನದೇ ಒಂದು ಚಿಕ್ಕ ಪ್ರೋಗ್ರಾಮ್ ಬರೆದು ಈ ಎರಡು ತೊಡಕು ಬಿಡಿಸಿದ. ಆರು ನಿಮಿಷ ಇದ್ದದ್ದು ಒಂದು ನಿಮಿಷ ಐವತ್ತು ಸೆಕೆಂಡಿಗೆ ಇಳಿಯಿತು. ತಾನು ಕಂಡದ್ದನ್ನು, ಅಳೆದದ್ದನ್ನು, ತಿದ್ದಿದ್ದನ್ನು ಹಂತಹಂತವಾಗಿ ಬರೆದು ಪ್ರಕಟಿಸಿದ. ಒಬ್ಬ ನುರಿತ ಪ್ರೋಗ್ರಾಮರಿಗೆ ಇದು ಒಂದು ದಿನದ ಕೆಲಸ ಎಂದೂ ಸೇರಿಸಿದ. ಅಷ್ಟು ಕುಟುಕು ಇದ್ದರೆ ತಪ್ಪಿಲ್ಲ. ಮಾರ್ಚ್ ಮಧ್ಯದಲ್ಲಿ ರಾಕ್‌ಸ್ಟಾರ್ ಅವನು ಹೇಳಿದ್ದು ಸರಿ ಎಂದು ಒಪ್ಪಿ ತಿದ್ದುಪಡಿ ಬಿಡುಗಡೆ ಮಾಡಿತು. ಭದ್ರತಾ ದೋಷ ತೋರಿಸಿಕೊಟ್ಟವರಿಗೆಂದು ಇಟ್ಟಿದ್ದ ನಿಧಿಯಿಂದ ಅವನಿಗೆ 10 ಸಾವಿರ ಡಾಲರ್ ಬಹುಮಾನ ಕೊಟ್ಟಿತು. ಅಂದಹಾಗೆ, ದೋಷ ನಿಜವಾಗಿಯೂ ಭದ್ರತೆಗೆ ಸಂಬಂಧಿಸಿದ್ದಾದರೆ, ಅಂದರೆ ಇತರರ ಖಾತೆ ಕದಿಯಲು ಅನುವಾಗುವಂಥದ್ದಾದರೆ, ಅದನ್ನು ಬಹಿರಂಗವಾಗಿ ಬರೆಯದೆ ಕಂಪೆನಿಗೆ ಗುಟ್ಟಾಗಿ ತಿಳಿಸುವುದು ರೂಢಿ.

ಎಲ್ಲರೂ ಪ್ರೋಗ್ರಾಮರುಗಳಲ್ಲ, ಆಗಬೇಕಾಗಿಯೂ ಇಲ್ಲ. ಸ್ಟಾಕ್‌ಹೋಮಿನ ಮೊಜಾಂಗ್ ಕಂಪೆನಿ ತನ್ನ ‘ಮೈನ್‌ಕ್ರಾಫ್ಟ್’ ಆಟದ ದೋಷಗಳಿಗೆಂದೇ ಬಹಿರಂಗ ದಾಖಲೆ ಪುಸ್ತಕವೊಂದನ್ನು ತೆರೆದಿಟ್ಟಿದೆ. ಯಾರು ಬೇಕಾದರೂ ದೂರು ಬರೆಯಬಹುದು. ಮೊದಲೇ ಬಂದ ದೂರಾದರೆ ಹೊಸದಾಗಿ ಬರೆಯದೆ ಹಳೆಯದಕ್ಕೆ ಮತ ಹಾಕಬಹುದು. ಈ ದೂರುಗಳನ್ನು ವಿಂಗಡಿಸುವವರಲ್ಲಿ ಸಂಬಳವಿಲ್ಲದ ಅಭಿಮಾನಿಗಳೇ ಅನೇಕ. ಆಟದ ಅನುವಾದವೂ ಹೀಗೆಯೇ. ಅದರ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅದನ್ನು ಕನ್ನಡಕ್ಕೆ ತಂದವರು ಸ್ವಯಂಸೇವಕರು. ಒಂದು ಪದಕ್ಕೆ ಇಬ್ಬರು ಎರಡು ರೂಪ ಸೂಚಿಸಿದರೆ ಉಳಿದವರು ಮತ ಹಾಕುತ್ತಾರೆ. ‘ನಮ್ಮ ಭಾಷೆಯಲ್ಲಿ ಯಾಕಿಲ್ಲ’ ಎಂದು ಸಿಡುಕುವವರಿಗಿಂತ ನಾಲ್ಕು ಸಾಲು ಅನುವಾದಿಸಿದವರ ಮಾತಿಗೆ ಇಲ್ಲಿ ತೂಕ ಹೆಚ್ಚು.

ರೋಗ ಮತ್ತು ಮದ್ದು

ಆಟ ಕಟ್ಟುವವರಲ್ಲಿ ಒಂದು ಮಾತು ರೂಢಿಯಲ್ಲಿದೆ. ಆಡುವವರು ರೋಗವನ್ನು ಬಹುಮಟ್ಟಿಗೆ ಸರಿಯಾಗಿ ಗುರುತಿಸುತ್ತಾರೆ, ಮದ್ದನ್ನು ಮಾತ್ರ ತಪ್ಪಾಗಿ ಹೇಳುತ್ತಾರೆ ಎಂದು. ‘ಈ ಹಂತದಲ್ಲಿ ಹತ್ತು ಸಲ ಸತ್ತೆ, ಯಾಕೆ ಸತ್ತೆ ಎಂದೇ ತಿಳಿಯಲಿಲ್ಲ’ ಎಂಬ ಮಾತು ವಿನ್ಯಾಸಕನಿಗೆ ಚಿನ್ನ. ‘ಈ ರಾಕ್ಷಸನ ಬಲವನ್ನು ಅರ್ಧ ಮಾಡಿ’ ಎಂಬುದು ಅಷ್ಟಲ್ಲ. ತೊಂದರೆ ರಾಕ್ಷಸನ ಬಲದಲ್ಲಿರದೆ ಅವನು ಬರುವ ದಿಕ್ಕು ಕಾಣದಿರುವುದರಲ್ಲಿ ಇರಬಹುದು. ವೈದ್ಯರ ಬಳಿ ಹೋಗಿ ಎಲ್ಲಿ ನೋವು, ಯಾವಾಗ ನೋವು ಎಂದು ಹೇಳುವ ಬದಲು ಇಂಥ ಇಂಜೆಕ್ಷನ್ ಕೊಡಿ ಎಂದರೆ ಅವರಿಗೆ ತಿಳಿಯುವುದೇನು? ಹೊಸ ಕತೆ, ಹೊಸ ಪಾತ್ರಗಳ ಸಲಹೆ ಕಳಿಸುವವರಿಗೆ ಉತ್ತರ ಬಾರದಿರುವುದಕ್ಕೂ ಒಂದು ಕಾರಣವಿದೆ. ಅನೇಕ ಕಂಪೆನಿಗಳು ಕಾನೂನಿನ ಭಯದಿಂದ ಅಂಥ ಸಲಹೆಗಳನ್ನು ಸ್ವೀಕರಿಸುವುದೇ ಇಲ್ಲ. ನಾಳೆ ಅದೇ ರೀತಿಯ ಪಾತ್ರ ಬಂದರೆ ನನ್ನ ಕಲ್ಪನೆ ಕದ್ದರು ಎಂಬ ಮೊಕದ್ದಮೆ ಬರಬಹುದಲ್ಲ.

ಬೇಡಿಕೆ ವ್ಯಾಪಾರದ್ದಾದರೆ ದಾರಿ ಬೇರೆ. 2011ರಲ್ಲಿ ನಿಂಟೆಂಡೊ ಕಂಪೆನಿ ಜಪಾನಿನಲ್ಲಿ ಬಂದಿದ್ದ ಮೂರು ಆಟಗಳನ್ನು ಅಮೆರಿಕದಲ್ಲಿ ಬಿಡುಗಡೆ ಮಾಡುವ ಯೋಚನೆಯಿಲ್ಲ ಎಂದಿತು. ಅಭಿಮಾನಿಗಳು ‘ಆಪರೇಷನ್ ರೇನ್‌ಫಾಲ್’ ಎಂಬ ಹೆಸರಿನಲ್ಲಿ ಒಗ್ಗೂಡಿ ಸಭ್ಯ ಭಾಷೆಯ ಕಾಗದಗಳನ್ನು ಬರೆದರು. ಅದರಲ್ಲಿ ಒಂದು ಆಟಕ್ಕೆ ಅಮೆಜಾನ್ ಮಳಿಗೆಯಲ್ಲಿ ಹಳೆಯ ಹೆಸರಿನ ಪುಟವೊಂದು ಇನ್ನೂ ಉಳಿದಿತ್ತು. ಎಲ್ಲರೂ ಅಲ್ಲಿ ಮುಂಗಡ ಕಾದಿರಿಸಿ ಅದನ್ನು ಮಾರಾಟದ ಪಟ್ಟಿಯ ತುದಿಗೇರಿಸಿದರು. ಕೊಳ್ಳುವವರಿದ್ದಾರೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ‘ಜೆನೊಬ್ಲೇಡ್ ಕ್ರಾನಿಕಲ್ಸ್’ ಎಂಬ ಆ ಆಟ 2012ರ ಏಪ್ರಿಲ್‌ನಲ್ಲಿ ಅಮೆರಿಕಕ್ಕೆ ಬಂತು. ಉಳಿದೆರಡೂ ಅದನ್ನು ಹಿಂಬಾಲಿಸಿದವು. ಅದೇ ವರ್ಷ ‘ಡಾರ್ಕ್ ಸೋಲ್ಸ್’ ಆಟವನ್ನು ಕಂಪ್ಯೂಟರಿಗೂ ತನ್ನಿ ಎಂದು 90 ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು, ಆಗಸ್ಟಿನಲ್ಲಿ ಅದೂ ಬಂತು.

ಸಾಮೂಹಿಕ ಸಿಟ್ಟಿಗೂ ಒಂದು ಜಾಗ ಇಲ್ಲವೆಂದಲ್ಲ. 2024ರ ಮೇ ತಿಂಗಳಲ್ಲಿ ‘ಹೆಲ್‌ಡೈವರ್ಸ್ 2’ ಆಟದ ಕಂಪ್ಯೂಟರ್ ಆವೃತ್ತಿ ಆಡುವವರೆಲ್ಲ ಪ್ಲೇಸ್ಟೇಷನ್ ಖಾತೆ ತೆರೆಯಲೇಬೇಕು ಎಂದು ಪ್ರಕಾಶಕ ಸೋನಿ ಹೇಳಿತು. ಅಂಥ ಖಾತೆ ತೆರೆಯಲು ಅವಕಾಶವೇ ಇಲ್ಲದ ಅನೇಕ ದೇಶಗಳಲ್ಲಿ ಆಟ ಮಾರಾಟವಾಗಿತ್ತು. ಎರಡು ಲಕ್ಷಕ್ಕೂ ಮಿಕ್ಕಿ ಪ್ರತಿಕೂಲ ವಿಮರ್ಶೆಗಳು ಬಂದವು, ಕೆಲವೇ ದಿನಗಳಲ್ಲಿ ಸೋನಿ ಹಿಂದೆ ಸರಿಯಿತು. ಬೇಡಿಕೆ ಒಂದೇ ಸಾಲಿನಲ್ಲಿತ್ತು, ನ್ಯಾಯವಾಗಿತ್ತು, ಈಡೇರಿದ ಮೇಲೆ ಬಹಳ ಜನ ತಮ್ಮ ವಿಮರ್ಶೆಯನ್ನು ಮತ್ತೆ ಅನುಕೂಲಕ್ಕೆ ಬದಲಿಸಿದರು. ಆಗಲೂ ಕಟ್ಟಿದವರು ಬೇರೆ, ಆಜ್ಞೆ ಹೊರಡಿಸಿದವರು ಬೇರೆ ಎಂಬುದನ್ನು ಮರೆತು ಸ್ವೀಡನ್ನಿನ ಆ ಸಣ್ಣ ತಂಡವನ್ನು ಬೈದವರಿಗೇನೂ ಕೊರತೆ ಇರಲಿಲ್ಲ.

ಕಂಪೆನಿಗಳ ತಪ್ಪೂ ಕಡಿಮೆಯಿಲ್ಲ. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಹೆಲೊ ಗೇಮ್ಸ್ ಎಂಬ ಪುಟ್ಟ ಸಂಸ್ಥೆ ‘ನೋ ಮ್ಯಾನ್ಸ್ ಸ್ಕೈ’ ಎಂಬ ಆಟವನ್ನು 2013ರಲ್ಲಿ ಘೋಷಿಸಿತು. ಗಣಿತ ಸೂತ್ರಗಳಿಂದ ತಾನಾಗಿ ರೂಪುಗೊಳ್ಳುವ ಗ್ರಹಗಳು, ಅವುಗಳ ಸಂಖ್ಯೆ 18ರ ಮುಂದೆ ಹದಿನೆಂಟು ಸೊನ್ನೆ ಹಾಕಿದಷ್ಟು. ಅದರ ಮುಖ್ಯಸ್ಥ ಷಾನ್ ಮರ್ರೆ ಹೋದಲ್ಲೆಲ್ಲ ಸಂದರ್ಶನ ಕೊಟ್ಟರು, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ಸಾಹದಿಂದ ಹೌದೆಂದರು. ಬಿಡುಗಡೆ 2016ರ ಜೂನಿನಿಂದ ಆಗಸ್ಟಿಗೆ ಮುಂದೆ ಹೋದಾಗಲೇ ಕೊಲೆ ಬೆದರಿಕೆಗಳು ಬಂದವು. ಆ ಸುದ್ದಿಯನ್ನು ಮೊದಲು ಬರೆದ ಪತ್ರಕರ್ತನನ್ನೂ ಬಿಡಲಿಲ್ಲ. ಆಟ ಬಂದ ಮೊದಲ ದಿನಗಳಲ್ಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗದಲ್ಲಿ ನಿಂತರೂ ಒಬ್ಬರಿಗೊಬ್ಬರು ಕಾಣಲಿಲ್ಲ. ಆಟಗಾರರು ಪರಸ್ಪರ ಭೇಟಿಯಾಗಬಹುದು ಎಂದು ಮರ್ರೆ ಹೇಳಿದ್ದರು. ಕೊಟ್ಟ ಮಾತಿಗೂ ಬಂದ ಆಟಕ್ಕೂ ಅಂತರ ಇದ್ದದ್ದು ನಿಜ. ದುಡ್ಡು ಕೊಟ್ಟವರು ಕೇಳಿದ್ದರಲ್ಲಿ ತಪ್ಪೇನಿದೆ? ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಮಂಡಳಿಗೆ ದೂರು ಹೋಯಿತು. ಜಾಹೀರಾತು ದಾರಿ ತಪ್ಪಿಸುವಂತಿರಲಿಲ್ಲ ಎಂದು ಅದು ಅದೇ ವರ್ಷದ ನವೆಂಬರಿನಲ್ಲಿ ತೀರ್ಮಾನಿಸಿತು. ಆದರೆ ಕೇಳಿದವರ ಜೊತೆಗೆ ಬಾಂಬು ಇಡುತ್ತೇವೆ ಎಂದವರೂ ಸೇರಿಕೊಂಡಿದ್ದರು. ಪೊಲೀಸರೊಡನೆ ಸಂಪರ್ಕದಲ್ಲಿ ಇರಬೇಕಾಯಿತು ಎಂದು ಮರ್ರೆ 2018ರಲ್ಲಿ ಹೇಳಿಕೊಂಡರು.

ಸಂಸ್ಥೆ ಮಾತು ನಿಲ್ಲಿಸಿತು. ತಿಂಗಳುಗಟ್ಟಲೆ ಒಂದು ಉತ್ತರವೂ ಇಲ್ಲ. ಒಳಗೆ ಮಾತ್ರ ಅಭಿಮಾನಿಗಳ ದೂರುಗಳನ್ನು ಒಂದೊಂದಾಗಿ ಹಿಡಿದು ಕೆಲಸ ನಡೆದಿತ್ತು. 2016ರ ನವೆಂಬರಿನಿಂದ ಒಂದರ ಹಿಂದೆ ಒಂದು ಉಚಿತ ಸೇರ್ಪಡೆಗಳು ಬಂದವು. 2018ರ ಜುಲೈಯಲ್ಲಿ ಬಂದ ಸೇರ್ಪಡೆಯಲ್ಲಿ ಆಟಗಾರರು ನಿಜವಾಗಿ ಒಬ್ಬರನ್ನೊಬ್ಬರು ಕಂಡರು. 2019ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಗಿಲ್ಡ್‌ಫರ್ಡ್‌ನಲ್ಲಿ ಸಂಸ್ಥೆಯ ಕಚೇರಿಯ ಬಳಿಯ ಒಂದು ಜಾಹೀರಾತು ಫಲಕವನ್ನು ಬಾಡಿಗೆಗೆ ಹಿಡಿದರು. ಅದರ ಮೇಲೆ ಬರೆಸಿದ್ದು ಹೆಲೊ ಗೇಮ್ಸ್‌ಗೆ ಧನ್ಯವಾದ ಎಂದು. 2024ರಲ್ಲಿ, ಬಿಡುಗಡೆಯಾದ ಎಂಟು ವರ್ಷದ ಮೇಲೆ, ಸ್ಟೀಮ್ ಮಳಿಗೆಯ ವಿಮರ್ಶೆಗಳ ಒಟ್ಟು ಲೆಕ್ಕದಲ್ಲಿ ಆಟ ಬಹಳ ಮೆಚ್ಚುಗೆಯ ವರ್ಗಕ್ಕೆ ಏರಿತು. ಮರ್ರೆ ಮಾತ್ರ ಮೊದಲಿನಂತೆ ಮಾತಾಡುವುದಿಲ್ಲ. ಹೊಸ ಸೇರ್ಪಡೆ ಬರುವ ಮುಂಚೆ ಒಂದು ಪುಟ್ಟ ಚಿತ್ರವನ್ನಷ್ಟೇ ಹಾಕಿ ಸುಮ್ಮನಾಗುವುದು ಅವರ ರೂಢಿಯಾಗಿದೆ. ಅದರ ಅರ್ಥ ಏನಿರಬಹುದು ಎಂದು ಅಭಿಮಾನಿಗಳು ದಿನಗಟ್ಟಲೆ ತರ್ಕಿಸುತ್ತಾರೆ.